ಸ್ಟೆಂಟ್ ಹಾಕಿಸಿದ ಮೇಲೆ ನಡೆಯಬಹುದಾ? ಎಷ್ಟು, ಹೇಗೆ, ಯಾರ ಜೊತೆ?

ವಿಜಯಪುರದಲ್ಲಿರುವ ನಮ್ಮ ಕಾಕಾಗೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ನಾಲ್ಕನೇ ದಿನ ಮನೆಗೆ ಬಂದರು. ನಾನು ನೋಡಲು ಹೋದಾಗ ಬಾಗಿಲ ಕಟ್ಟೆಯ ಮೇಲೆ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕೂತಿದ್ದರು. ನೀರು ಕುಡಿಯಲು ಏಳಹೋದರೆ ಒಳಗಿನಿಂದ ಕಾಕೂ ಓಡಿ ಬಂದರು. "ನೀವ್ಯಾಕ ಏಳ್ತೀರಿ? ಸುಮ್ನ ಕೂಡ್ರಿ, ನಾ ತಂದು ಕೊಡ್ತೀನಿ" ಅಂದರು. 58 ವರ್ಷದ ಮನುಷ್ಯ. ಹಿಂದಿನ ತಿಂಗಳವರೆಗೆ ದ್ರಾಕ್ಷಿ ತೋಟದಲ್ಲಿ ಬೆಳಗಿನಿಂದ ಸಂಜೆತನಕ ಓಡಾಡಿಕೊಂಡಿದ್ದವರು. ಈಗ ತಂಬಿಗೆ ಎತ್ತಲೂ ಬಿಡುತ್ತಿರಲಿಲ್ಲ.

ಮೂರು ವಾರ ಹೀಗೇ ಹೋಯಿತು. ಮತ್ತೆ ತೋರಿಸಲು ಹೋದಾಗ ಡಾಕ್ಟರ್ ಮೊದಲು ಕೇಳಿದ್ದು, "ದಿನಾ ಎಷ್ಟು ನಡೀತೀರಿ?" ಅಂತ. ಕಾಕಾ, ಕಾಕೂ ಒಬ್ಬರ ಮುಖ ಒಬ್ಬರು ನೋಡಿದರು. ಡಿಸ್ಚಾರ್ಜ್ ಕಾರ್ಡಿನಲ್ಲಿ ಮಾತ್ರೆಗಳ ಹೆಸರು ಸಾಲಾಗಿ ಇದ್ದವು. ನಡಿಗೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಈ ಹೆದರಿಕೆ ಇವರಿಬ್ಬರಿಗೆ ಮಾತ್ರ ಇರೋದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋಗಿಬಿಟ್ಟರು. ಬೆಳಿಗ್ಗೆ ವ್ಯಾಯಾಮ ಮಾಡಿದ ಮೇಲೆ ಎದೆಯಲ್ಲಿ ಸಂಕಟ ಶುರುವಾಯಿತು ಎಂಬ ಸುದ್ದಿ ಮನೆಮನೆಯಲ್ಲಿ ಉಳಿದುಕೊಂಡಿತು. 2025ರ ಜೂನ್–ಜುಲೈನಲ್ಲಿ ಹಾಸನದಿಂದ ದಿನಾ ಹೃದಯಾಘಾತದ ಸುದ್ದಿ ಬಂತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳಲ್ಲಿ ಅಸಾಮಾನ್ಯ ಏರಿಕೆ ಇಲ್ಲ ಎಂದು ವರದಿ ಕೊಟ್ಟಿತು. ಆದರೂ ಹೆದರಿಕೆ ಮಾತ್ರ ಇಳಿಯಲಿಲ್ಲ. ಈಗಾಗಲೇ ಹೃದಯದ ಕಾಯಿಲೆ ಇರುವವರು ಒಂದು ಮೆಟ್ಟಿಲು ಹತ್ತಲೂ ಹಿಂದೆಮುಂದೆ ನೋಡುತ್ತಾರೆ. ಅದಕ್ಕೇ ಈ ವಿಷಯವನ್ನು ಬುಡದಿಂದ ನೋಡೋಣ.

ಸ್ಟೆಂಟ್ ಏನು ಮಾಡುತ್ತದೆ?

ಹೃದಯ ಒಂದು ಮುಷ್ಟಿ ಗಾತ್ರದ ಸ್ನಾಯು. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಇಡೀ ಮೈಗೆ ರಕ್ತ ಕಳಿಸುವ ಈ ಸ್ನಾಯುವಿಗೆ ತನ್ನ ಕೆಲಸಕ್ಕೂ ರಕ್ತ ಬೇಕು. ಅದನ್ನು ತಂದುಕೊಡುವ ನಾಳಗಳಿಗೆ ಕೊರೋನರಿ ರಕ್ತನಾಳ ಅನ್ನುತ್ತಾರೆ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಹೇಳೋದು ಸುಲಭ. ಡ್ರಿಪ್ ಪೈಪ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಒಳಗೆ ಮಾತ್ರ ಬೋರಿನ ನೀರಿನ ಉಪ್ಪು ವರ್ಷಾನುಗಟ್ಟಲೆ ಕಟ್ಟುತ್ತಾ ಬರುತ್ತದೆ. ಕೊನೆಯ ಗಿಡ ಬಾಡಿದಾಗಲೇ ನಮಗೆ ಗೊತ್ತಾಗೋದು. ಕೊರೋನರಿ ನಾಳದ ಗೋಡೆಯಲ್ಲೂ ಹೀಗೇ ಕೊಬ್ಬು ಸೇರುತ್ತದೆ. ದಾರಿ ಕಿರಿದಾಗಿದ್ದರೆ ಜೋರಾಗಿ ನಡೆದಾಗ ರಕ್ತ ಸಾಲದೆ ಎದೆ ಹಿಡಿದಂತಾಗುತ್ತದೆ, ನಿಂತರೆ ಇಳಿಯುತ್ತದೆ. ಇದು ಆಂಜೈನಾ. ಆ ಕೊಬ್ಬಿನ ಮೇಲಿನ ಪೊರೆ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿಯೇ ಮುಚ್ಚಿದರೆ ಅದು ಹೃದಯಾಘಾತ.

ಸ್ಟೆಂಟ್ ಅಂದರೆ ಸಣ್ಣ ಜಾಲರಿ ಕೊಳವೆ. ಮುಚ್ಚಿದ ಜಾಗವನ್ನು ಅದು ತೆರೆದು ಹಿಡಿಯುತ್ತದೆ. ಬೈಪಾಸ್‌ನಲ್ಲಿ ಕಾಲಿನಿಂದಲೋ ಎದೆಯಿಂದಲೋ ತೆಗೆದ ನಾಳ ಜೋಡಿಸಿ, ಅಡ್ಡಿಯನ್ನು ಸುತ್ತುಹಾಕಿ ಹೋಗುವ ಹೊಸ ದಾರಿ ಮಾಡುತ್ತಾರೆ. ಎರಡೂ ಜೀವ ಉಳಿಸುವ ಕೆಲಸಗಳೇ. ಆದರೆ ಕೊಬ್ಬು ಕಟ್ಟುವ ಗುಣ ಉಳಿದ ನಾಳಗಳಲ್ಲಿ ಹಾಗೇ ಇರುತ್ತದೆ. ಮಾತ್ರೆ, ತಂಬಾಕು ಬಿಡೋದು, ಊಟ, ವ್ಯಾಯಾಮ ಬೇಕಾಗೋದು ಅದಕ್ಕೇ.

ಎಕೋ, ಅಂದರೆ ಹೃದಯದ ಸ್ಕ್ಯಾನ್ ರಿಪೋರ್ಟಿನಲ್ಲಿ ಇ.ಎಫ್. ಎಂಬ ಒಂದು ಅಂಕಿ ಇರುತ್ತದೆ. ಹೃದಯ ಒಂದು ಸಲ ಹಿಂಡಿದಾಗ ತನ್ನ ಎಡ ಕೋಣೆಯ ರಕ್ತದಲ್ಲಿ ಶೇಕಡ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ ಅದು. ಕಾಕಾರ ರಿಪೋರ್ಟಿನಲ್ಲಿ 50 ಇತ್ತು. "ಅರ್ಧ ಹೃದಯ ಹೋತು" ಅಂತ ಕಾಕೂ ಅತ್ತಿದ್ದರು. ಇದು ಪರೀಕ್ಷೆಯ ಮಾರ್ಕ್ಸ್ ಥರ 100ಕ್ಕೆ ಲೆಕ್ಕ ಹಾಕೋ ಅಂಕಿಯಲ್ಲ. ಗಟ್ಟಿಮುಟ್ಟಾದ ಹೃದಯದಲ್ಲೂ ಇದು ಸುಮಾರು 55ರಿಂದ 70ರ ಒಳಗೇ ಇರುತ್ತದೆ. 40ಕ್ಕಿಂತ ಕೆಳಗಿದ್ದರೆ ಹೃದಯದ ಹಿಂಡುವ ಶಕ್ತಿ ಕುಗ್ಗಿದೆ ಎಂದು ತಿಳಿಯುತ್ತಾರೆ. ಅಂಥವರಿಗೂ ವ್ಯಾಯಾಮ ಇದೆ. ಆದರೆ ಡಾಕ್ಟರ್ ಅಳತೆ ಹಾಕಿಕೊಟ್ಟ ಮೇಲೆಯೇ ಶುರು ಮಾಡಬೇಕು.

ಸುಮ್ನೆ ಮಲಗಿದರೆ ಒಳ್ಳೇದಲ್ವಾ?

ಒಂದು ಕಾಲದಲ್ಲಿ ಡಾಕ್ಟರುಗಳೂ ಹಾಗೇ ನಂಬಿದ್ದರು. ಹೃದಯಾಘಾತವಾದವರನ್ನು ಆರು ವಾರ ಹಾಸಿಗೆಯಲ್ಲೇ ಮಲಗಿಸುತ್ತಿದ್ದರು. 1952ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಲೆವೀನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಸುದ್ದಿ. ಅದರ ಮರು ವರ್ಷ ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಬಸ್ ನೌಕರರ ಲೆಕ್ಕ ತೆಗೆದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುತ್ತಾ ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಇತ್ತು. ನಮ್ಮ ಊರಿನ ಬಸ್ಸುಗಳಲ್ಲಿ ಕಂಡಕ್ಟರು ಎಷ್ಟು ಸಲ ಹಿಂದೆಮುಂದೆ ಓಡಾಡುತ್ತಾರೆ, ಒಮ್ಮೆ ನೆನಪಿಸಿಕೊಳ್ಳಿ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಒಂದು ಪ್ರಯೋಗ. 20 ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಅಷ್ಟರಲ್ಲೇ ಅವರ ತ್ರಾಣ, ಅಂದರೆ ದೇಹ ಆಮ್ಲಜನಕ ಬಳಸುವ ಶಕ್ತಿ, ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದುಹೋಗಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ವಯಸ್ಸು ಕೂಡ ಆ ಮೂರು ವಾರದಷ್ಟು ಶಕ್ತಿ ಕಿತ್ತುಕೊಂಡಿರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತಿದ್ದೂ ಸರಿಯಾಗಿ ಮೂರು ವಾರವೇ. ಕೊನೆಕೊನೆಗೆ "ಬಚ್ಚಲಕ್ಕ ಹೋಗಿ ಬಂದ್ರೂ ದಮ್ಮು ಹತ್ತತೈತಿ" ಅನ್ನುತ್ತಿದ್ದರು. ಹೃದಯ ಸೋತಿತು ಅಂತ ಮನೆಯವರು ತಿಳಿದರು. ಅದರಲ್ಲಿ ದೊಡ್ಡ ಪಾಲು ಕೂತು ಕೂತು ಸೋತ ಕಾಲುಗಳದ್ದು.

ನಡೆದಾಗ ಒಳಗೆ ಏನಾಗುತ್ತದೆ?

ನಡಿಗೆಯಿಂದ ಮೊದಲು ಬದಲಾಗೋದು ಕಾಲಿನ ಸ್ನಾಯು. ಅಭ್ಯಾಸವಾದ ಸ್ನಾಯು ತನಗೆ ಬಂದ ರಕ್ತದಿಂದ ಆಮ್ಲಜನಕವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆಗ ಅಷ್ಟೇ ಕೆಲಸಕ್ಕೆ ಹೃದಯ ಕಡಿಮೆ ಸಲ ಬಡಿದರೆ ಸಾಕು. ಎರಡು ತಿಂಗಳ ಹಿಂದೆ ದಮ್ಮು ಹತ್ತಿಸುತ್ತಿದ್ದ ಏರು ಈಗ ಹಗುರ ಅನ್ನಿಸೋದು ಹೀಗೆ.

ರಕ್ತನಾಳಗಳ ಒಳಪದರವೂ ಬದಲಾಗುತ್ತದೆ. ರಕ್ತ ಜೋರಾಗಿ ಹರಿದಾಗ ಆ ಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುತ್ತದೆ. ಅದರಿಂದ ನಾಳ ಸಡಿಲವಾಗಿ ಅಗಲವಾಗುತ್ತದೆ, ಬಿ.ಪಿ. ಇಳಿಯುತ್ತದೆ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರಕ್ಕೆ ತೊರವಿ ಕಡೆಯಿಂದ, ಬೇಗಂ ತಲಾಬಿನಿಂದ ನೆಲದೊಳಗಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಕೊಳವೆ ಒಡೆಯಬಾರದು ಅಂತ ದಾರಿಯಲ್ಲಿ ಗಂಜ್ ಎಂಬ ನೀರಿನ ಗೋಪುರ ಕಟ್ಟಿ ಒತ್ತಡ ಇಳಿಸುತ್ತಿದ್ದರು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ನಮ್ಮ ನಾಳಗಳಿಗೆ ಗಂಜ್ ಕಟ್ಟಲಾಗದು. ಆ ಕೆಲಸದ ಸ್ವಲ್ಪ ಭಾಗವನ್ನು ನಡಿಗೆ ಮಾಡುತ್ತದೆ, ಉಳಿದದ್ದನ್ನು ಮಾತ್ರೆ ಮಾಡುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ನಡಿಗೆಯಿಂದ ಸಕ್ಕರೆಯೂ ಹತೋಟಿಗೆ ಬರುತ್ತದೆ.

ಹೀಗೆ ಅಳತೆ ಹಾಕಿ ಕೊಡುವ ವ್ಯಾಯಾಮ, ಊಟ–ಮಾತ್ರೆಯ ತಿಳಿವಳಿಕೆ, ಮನಸ್ಸಿಗೆ ಆಸರೆ ಎಲ್ಲವನ್ನೂ ಸೇರಿಸಿ ಕಾರ್ಡಿಯಾಕ್ ರಿಹ್ಯಾಬ್ ಅನ್ನುತ್ತಾರೆ. ಸಾಮಾನ್ಯವಾಗಿ 12 ವಾರದ ಕಾರ್ಯಕ್ರಮ. ಇದರ ಬಗ್ಗೆ ಅಲ್ಲಿತನಕ ನಡೆದ 85 ಅಧ್ಯಯನಗಳನ್ನು, 23 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು 2021ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ವ್ಯಾಯಾಮ ಮಾಡಿದವರಲ್ಲಿ ಹೃದಯದಿಂದಾಗುವ ಸಾವು, ಮತ್ತೊಂದು ಹೃದಯಾಘಾತ, ಮತ್ತೆ ಆಸ್ಪತ್ರೆ ಸೇರೋದು ಮೂರೂ ಕಡಿಮೆ ಇದ್ದವು. ಮನೆಯಲ್ಲೇ ಮಾಡುವ ರಿಹ್ಯಾಬ್, ಆಸ್ಪತ್ರೆಗೆ ಹೋಗಿ ಮಾಡುವುದರಷ್ಟೇ ಉಪಯೋಗ ಕೊಡುತ್ತದೆ ಅಂತಲೂ ಬೇರೆ ಅಧ್ಯಯನಗಳು ತೋರಿಸಿವೆ. ಸಿಂದಗಿಯಿಂದಲೋ ಇಂಡಿಯಿಂದಲೋ ವಾರಕ್ಕೆ ಮೂರು ಸಲ ಬಸ್ ಹತ್ತಿ ಬರಲಾಗದವರಿಗೆ ಇದು ನಿಜವಾಗಿ ಒಳ್ಳೆಯ ಸುದ್ದಿ.

ಎಷ್ಟು ನಡೆಯಬೇಕು, ಯಾವಾಗಿನಿಂದ?

ರೈತರಿಗೆ ಇದರ ಲೆಕ್ಕ ಗೊತ್ತಿದೆ. ಹೊಸ ಹೋರಿಯನ್ನು ಮೊದಲ ದಿನವೇ ನೇಗಿಲಿಗೆ ಹೂಡುವುದಿಲ್ಲ. ಮೊದಲು ಕೊರಳಿಗೆ ಬರಿ ನೊಗ, ಆಮೇಲೆ ಖಾಲಿ ಬಂಡಿ, ಆಮೇಲೆ ಹೊಲ. ಹೃದಯವನ್ನೂ ಹೀಗೇ ಪಳಗಿಸಬೇಕು.

ತೊಂದರೆ ಇಲ್ಲದೆ ಸ್ಟೆಂಟ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ಓಡಾಡಲು ಶುರು ಮಾಡುತ್ತಾರೆ. ಮನೆಗೆ ಬಂದ ಮೇಲೆ ಸಮತಟ್ಟು ಜಾಗದಲ್ಲಿ ಬೆಳಿಗ್ಗೆ 5–10 ನಿಮಿಷ, ಸಂಜೆ ಅಷ್ಟೇ. ಚೆನ್ನಾಗಿದ್ದರೆ ಪ್ರತಿ ದಿನ ಒಂದೆರಡು ನಿಮಿಷ ಕೂಡಿಸುತ್ತಾ ಹೋಗೋದು. ನಾಲ್ಕರಿಂದ ಆರು ವಾರದಲ್ಲಿ ಒಂದೇ ಸಮ ಅರ್ಧ ಗಂಟೆ ನಡೆಯುವಂತಾದರೆ ಚೆನ್ನ. ವಾರಕ್ಕೆ ಐದು ದಿನ ಅರ್ಧ ಗಂಟೆ ಅಂದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಅಳತೆಯೂ ಅದೇ. ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ "ನಾನು ದಿನಕ್ಕೆ ಎಷ್ಟು ನಿಮಿಷ ನಡೀಬಹುದು?" ಅಂತ ಬಾಯಿಬಿಟ್ಟು ಕೇಳಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ.

ನಿಮ್ಮ ಶಕ್ತಿ ಎಷ್ಟಿದೆ ಅಂತ ತಿಳಿಯಲು ಫಿಸಿಯೋಥೆರಪಿಯವರು ಆರು ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತಾರೆ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದಿರಿ ಅನ್ನೋದೇ ಲೆಕ್ಕ. ಗೋಲಗುಂಬಜದ ಹೊರಗೋಡೆ ಒಂದೊಂದು ಬದಿಗೆ ಸುಮಾರು 47 ಮೀಟರ್. ಗೋಡೆಗುಂಟ ಒಂದು ಸುತ್ತು ಹಾಕಿದರೆ ಹತ್ತಿರಹತ್ತಿರ 190 ಮೀಟರ್ ಆಯಿತು. ಆರು ನಿಮಿಷದಲ್ಲಿ ಎರಡು ಸುತ್ತು ದಾಟಿದರೆ 400 ಮೀಟರಿನ ಹತ್ತಿರ ಬಂದ ಹಾಗೆ. ಮೊದಲ ಸಲ ಒಂದೇ ಸುತ್ತು ಆದರೆ ಬೇಜಾರು ಬೇಡ. ಮುಂದಿನ ತಿಂಗಳು ಇದರ ಜೊತೆ ಹೋಲಿಸಿ ನೋಡಬಹುದು.

ಎಷ್ಟು ಜೋರಾಗಿ ನಡೆಯಬೇಕು ಅನ್ನೋದಕ್ಕೆ ಯಂತ್ರ ಬೇಡ, ನಿಮ್ಮ ಮಾತೇ ಸಾಕು. ನಡೆಯುತ್ತಾ ಪಕ್ಕದವರ ಜೊತೆ ಮಾತಾಡಲು ಬಂದರೆ, ಆದರೆ ಹಾಡು ಹೇಳಲು ಬರದಿದ್ದರೆ, ಅದೇ ಸರಿಯಾದ ವೇಗ. ಎರಡು ಮಾತಿಗೊಮ್ಮೆ ಉಸಿರು ಎಳೆಯಬೇಕಾದರೆ ಜಾಸ್ತಿಯಾಯಿತು. ನಾಡಿ ಎಣಿಸೋ ಕೈಗಡಿಯಾರವನ್ನೇ ನಂಬಬೇಡಿ. ಹೃದಯ ರೋಗಿಗಳಲ್ಲಿ ಬಹಳ ಜನ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ನಾಡಿಯನ್ನು ಏರಲು ಬಿಡುವುದಿಲ್ಲ. ಗಡಿಯಾರದಲ್ಲಿ ಅಂಕಿ ಕಡಿಮೆ ತೋರಿಸುತ್ತಿದೆ ಅಂತ ಜೋರು ಮಾಡಿದರೆ ದಣಿವು ಮಿತಿ ಮೀರುತ್ತದೆ.

ಮೊದಲ ಐದು ನಿಮಿಷ ನಿಧಾನ, ಕೊನೆಯ ಐದು ನಿಮಿಷ ನಿಧಾನ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಜೋರಾಗಿ ನಡೆದು ಒಮ್ಮೆಲೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತಬಹುದು. ಊಟವಾಗಿ ಒಂದು ಗಂಟೆಯಾದರೂ ಬಿಟ್ಟು ನಡೆಯಿರಿ. ಏಪ್ರಿಲ್–ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಸೂರ್ಯ ಮೇಲೇರುವ ಮುಂಚೆಯೇ ಮುಗಿಸಬೇಕು. ಮೈ ತಂಪು ಮಾಡಲು ಹೃದಯ ಚರ್ಮದ ಕಡೆಗೂ ರಕ್ತ ಕಳಿಸಬೇಕಾಗುತ್ತದೆ, ಅದು ದುಪ್ಪಟ್ಟು ಕೆಲಸ. ಮೂತ್ರ ಜಾಸ್ತಿ ಹೋಗುವ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯಬೇಕು ಅಂತ ಕೇಳಿಕೊಳ್ಳಿ. ಬೆಳಗಾವಿಯವರಿಗೆ ಚಳಿಗಾಲದ ಬೆಳಗೇ ಕಷ್ಟ. ಚಳಿಗೆ ನಾಳ ಬಿಗಿಯುತ್ತವೆ, ಆದ್ದರಿಂದ ಸ್ವಲ್ಪ ಬಿಸಿಲು ಬಂದ ಮೇಲೆ ಹೊರಡೋದು ಒಳ್ಳೆಯದು.

ಬೈಪಾಸ್ ಆದವರ ಲೆಕ್ಕ ಸ್ವಲ್ಪ ಬೇರೆ. ಎದೆಯ ಮಧ್ಯದ ಎಲುಬು ಕೂಡಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಬೇಕು. ಅಲ್ಲಿತನಕ ನಡಿಗೆ ಇರಲಿ, ಆದರೆ ನಾಲ್ಕೈದು ಕಿಲೋಕ್ಕಿಂತ ಜಾಸ್ತಿ ಭಾರ ಎತ್ತಬಾರದು. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಲ್ಲಿ ಬಂತು ಅಂದರೆ ತುಂಬಿದ ಕೊಡ ಎತ್ತಲು ಓಡುತ್ತಾರೆ. ತುಂಬಿದ ಕೊಡ ಹತ್ತು ಕಿಲೋ ಮೀರುತ್ತದೆ. ಮನೆಯ ಗಂಡಸರು, ಮಕ್ಕಳು ಮೂರು ತಿಂಗಳು ಈ ಕೆಲಸ ಹೊರಬೇಕು. ಯಾರೇ ಆಗಲಿ, ಯಾವ ಭಾರವನ್ನೂ ಉಸಿರು ಬಿಗಿಹಿಡಿದು ಎತ್ತಬಾರದು, ಬಿ.ಪಿ. ಒಮ್ಮೆಲೆ ಏರುತ್ತದೆ.

ಯಾವಾಗ ನಿಲ್ಲಿಸಬೇಕು?

ಎದೆಯಲ್ಲಿ ಬಿಗಿತ ಅಥವಾ ಉರಿ, ಎಡಗೈ, ದವಡೆ, ಬೆನ್ನಿಗೆ ಹರಿಯುವ ನೋವು, ತಣ್ಣನೆಯ ಬೆವರು, ತಲೆಸುತ್ತು, ಎದೆ ಅಡ್ಡಾದಿಡ್ಡಿ ಬಡಿತ, ನಿಂತರೂ ಇಳಿಯದ ದಮ್ಮು. ಇವುಗಳಲ್ಲಿ ಯಾವುದು ಬಂದರೂ ತಕ್ಷಣ ನಿಲ್ಲಿ, ಕೂತುಕೊಳ್ಳಿ. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಡಾಕ್ಟರ್ ಬರೆದುಕೊಟ್ಟಿದ್ದರೆ ಕೂತುಕೊಂಡೇ ಇಟ್ಟುಕೊಳ್ಳಿ. ಆ ಮಾತ್ರೆ ಬಿ.ಪಿ.ಯನ್ನೂ ಇಳಿಸುತ್ತದೆ, ನಿಂತಿದ್ದರೆ ಬೀಳಬಹುದು. ಐದು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬೇಕು, ಸೋಡಾ ಕುಡೀರಿ" ಅಂತ ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ ನೋವೇ ಬರದೆ ಬರೀ ದಮ್ಮು, ಬೆವರು ಬರಬಹುದು.

ಈಗ ತಾಲೂಕು ಆಸ್ಪತ್ರೆಗಳಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೃದಯಾಘಾತದಲ್ಲಿ ಒಂದೊಂದು ನಿಮಿಷ ಹೋದಂತೆ ಸ್ನಾಯು ಸಾಯುತ್ತಾ ಹೋಗುತ್ತದೆ. ದೂರದ ದೊಡ್ಡ ಊರಿಗೆ ಸೀದಾ ಓಡುವ ಬದಲು ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ.

ಕೆಲವು ದಿನ ನಡಿಗೆಗೇ ಹೋಗಬಾರದು. ಜ್ವರ ಇದ್ದ ದಿನ, ಕೂತಿದ್ದಾಗಲೂ ಎದೆನೋವು ಬರುತ್ತಿರುವ ದಿನ, ಕಾಲು ಬಾತು ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದಾಗ. ಕೊನೆಯದು ಮೈಯಲ್ಲಿ ನೀರು ನಿಂತ ಗುರುತು. ಕೂತಿದ್ದಾಗ ಬರುವ ಎದೆನೋವಿಗೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ತೂಕ ಏರಿದರೆ ಅಂದೇ ಡಾಕ್ಟರಿಗೆ ತೋರಿಸಬೇಕು.

ಜೊತೆಗೆ ಯಾರಿದ್ದಾರೆ?

ನಡಿಗೆ ಶುರು ಮಾಡೋದು ಸುಲಭ. ಮೂರನೇ ವಾರ, ಮಳೆ ಬಂದ ದಿನ, ಮನಸ್ಸು ಕುಗ್ಗಿದ ದಿನ ಹೊರಡೋದೇ ಕಷ್ಟ. ಹೃದಯಾಘಾತವಾದ ಮೇಲೆ ಮಂಕು ಕವಿಯೋದು, ಸುಮ್ಮನೆ ಕಣ್ಣೀರು ಬರೋದು, ರಾತ್ರಿ ಎದೆ ಬಡಿತ ಕೇಳುತ್ತಾ ನಿದ್ದೆಗೆಡೋದು ಬಹಳ ಜನಕ್ಕೆ ಆಗುತ್ತದೆ. ಗಂಡಸರು ಹೇಳಿಕೊಳ್ಳುವುದಿಲ್ಲ. ಹಾಗೆ ವಾರಗಟ್ಟಲೆ ಇದ್ದರೆ ಡಾಕ್ಟರಿಗೆ ಹೇಳಲೇಬೇಕು, ಅದಕ್ಕೂ ಚಿಕಿತ್ಸೆ ಇದೆ.

ಜೊತೆ ಹುಡುಕಲು ದೂರ ಹೋಗಬೇಕಿಲ್ಲ. ವಿಜಯಪುರದ ಅಂಬೇಡ್ಕರ್ ಕ್ರೀಡಾಂಗಣ, ಬೆಳಗಾವಿಯ ಕೋಟೆ ಕೆರೆ ಮತ್ತು ವ್ಯಾಕ್ಸಿನ್ ಡಿಪೋ, ಬಾಗಲಕೋಟೆ ನವನಗರದ ಅಗಲ ರಸ್ತೆಗಳು, ಎಲ್ಲಾ ಕಡೆ ಬೆಳಿಗ್ಗೆ ನಡೆಯುವವರು ಸಿಗುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಸ್ಟೆಂಟ್ ಬಿದ್ದಿರುತ್ತದೆ. ಆ ಒಬ್ಬರ ಮಾತಿಗೆ ಇರುವ ಬಲ ಹತ್ತು ಕರಪತ್ರಕ್ಕೆ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಜೊತೆಯವರಿಗೆ ನಿಮ್ಮ ಕಾಯಿಲೆ, ಮಾತ್ರೆ ಯಾವ ಜೇಬಿನಲ್ಲಿದೆ, ಮನೆಯ ಫೋನ್ ನಂಬರ್ ಗೊತ್ತಿರಲಿ.

ಹಳ್ಳಿಯಲ್ಲಿ ಮೊದಲ ಬಾಗಿಲು ಆಶಾ ಕಾರ್ಯಕರ್ತೆ ಮತ್ತು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ. ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಲು ಜಿಲ್ಲೆಯ ಊರಿಗೆ ಹೋಗಬೇಕಿಲ್ಲ. ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ ಇರೋದೇ ಬಿ.ಪಿ., ಸಕ್ಕರೆ, ಹೃದಯದ ಕಾಯಿಲೆಯವರಿಗೆ. ವಿಜಯಪುರ, ಬೆಳಗಾವಿ, ಬಾಗಲಕೋಟೆ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿನ ಫಿಸಿಯೋಥೆರಪಿ ವಿಭಾಗದಲ್ಲಿ "ಹೃದಯದವರಿಗೆ ವ್ಯಾಯಾಮ ಹೇಳಿಕೊಡ್ತೀರಾ?" ಅಂತ ಕೇಳಿ. ಒಂದೆರಡು ಸಲ ಅವರ ಕಣ್ಣೆದುರಿಗೆ ಮಾಡಿ ತೋರಿಸಿದರೆ ಮನೆಯಲ್ಲಿ ಮಾಡಲು ಧೈರ್ಯ ಬರುತ್ತದೆ.

ನಡೆಯಲು ಮಂಡಿ ಬಿಡದವರಿಗೆ ಯೋಗವೂ ಇದೆ. ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 3,959 ಜನರ ಮೇಲೆ ಯೋಗ–ಕೇರ್ ಎಂಬ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಯೋಗ ಮಾಡಿದವರು ಮೊದಲಿನ ಕೆಲಸಗಳಿಗೆ ಚೆನ್ನಾಗಿ ಮರಳಿದರು, ತಮ್ಮ ಆರೋಗ್ಯ ಸುಧಾರಿಸಿದೆ ಅಂದರು. ಸಾವು, ಮತ್ತೊಂದು ಹೃದಯಾಘಾತದಂಥವು ಕಡಿಮೆಯಾದವು ಎಂದು ಮಾತ್ರ ಖಚಿತವಾಗಿ ಕಂಡುಬರಲಿಲ್ಲ. ಆದ್ದರಿಂದ ಯೋಗ ಶುರುವಾಯಿತು ಅಂತ ಮಾತ್ರೆ ಬಿಡಬಾರದು.

ಮನೆಯವರಿಗೂ ಒಂದು ಕೆಲಸ ಇದೆ. ಡಾಕ್ಟರ್ ಬೈದು ಕಳಿಸಿದ ದಿನ ಕಾಕೂ ಮೊಮ್ಮಗಳ ಹಳೇ ನೋಟ್‌ಬುಕ್ ತೆಗೆದುಕೊಂಡು ಗೆರೆ ಹಾಕಿದರು. ತಾರೀಕು, ಎಷ್ಟು ನಡೆದರು, ದಮ್ಮು ಬಂತಾ ಇಲ್ಲವಾ, ತೂಕ. ಮೊದಲ ಪುಟದಲ್ಲಿ "ಗೇಟಿನತನ ನಾಕ್ ಸಲ. ದಮ್ಮು ಸ್ವಲ್ಪ" ಅಂತ ಇದೆ. ಫಾಲೋಅಪ್‌ಗೆ ಹೋದಾಗ ಡಾಕ್ಟರ್ ರಿಪೋರ್ಟಿಗಿಂತ ಮುಂಚೆ ಆ ನೋಟ್‌ಬುಕ್ ಕೇಳಿ ನೋಡುತ್ತಾರೆ. ಮೊನ್ನೆ ಹೋದಾಗ ನಾನೂ ತಿರುವಿ ನೋಡಿದೆ. ಕೊನೆಯ ಸಾಲಿನಲ್ಲಿ ಹೀಗಿತ್ತು: "ಗುಂಬಜ ಏಳ್ ಸುತ್ತ. ದಮ್ಮು ಇಲ್ಲ. ನಾನೂ ಹೋಗಿದ್ದೆ."